ಹಳೆಯ ಕಾರಿನ ಬೆಳಗುವ ಲಾಂಛನ: ನಾನು ಅದನ್ನು ಸರಿಪಡಿಸುವ ಬಗೆ

ಒಳಗಿನಿಂದ ಬೆಳಗುವ ಲಾಂಛನ ಎಂದೊಡನೆ ಹಳೆಯ ಕಾರುಗಳನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಬ್ರಿಟನ್ನಿನ ವುಲ್ಸ್‌ಲಿ. 1930ರ ದಶಕದ ಆರಂಭದಲ್ಲಿ ಆ ಕಾರುಗಳ ಗ್ರಿಲ್ ಮೇಲೆ ಕಾಣಿಸಿಕೊಂಡ ದೀಪದ ಬಿಲ್ಲೆ, 1975ರಲ್ಲಿ ಆ ಹೆಸರಿನ ಕಾರುಗಳ ತಯಾರಿಕೆಯೇ ನಿಲ್ಲುವವರೆಗೂ ಮುಂದುವರಿಯಿತು. 1950ರ ದಶಕದ ಅಮೆರಿಕದ ಪಾಂಟಿಯಾಕ್ ಕಾರುಗಳ ಬಾನೆಟ್ ಮೇಲೆ ಬರುತ್ತಿದ್ದ, ಅಂಬರ್ ಬಣ್ಣದ ಪ್ಲಾಸ್ಟಿಕ್ಕಿನ ಮೂಲನಿವಾಸಿ ನಾಯಕನ ತಲೆಯೂ ಇದೇ ಜಾತಿಗೆ ಸೇರಿದ್ದು. ಇವುಗಳ ರಚನೆ ಬಹಳ ಸರಳ: ಲೋಹದ ಚೌಕಟ್ಟು, ಅದರೊಳಗೆ ಬೆಳಕು ಹಾಯುವ ಪ್ಲಾಸ್ಟಿಕ್, ಹಿಂದೆ ಒಂದು ಸಣ್ಣ ಬಲ್ಬು, ಅದಕ್ಕೊಂದು ವೈರ್. ಇಂಥವನ್ನು ವರ್ಷಗಳಿಂದ ಬಿಚ್ಚಿ ಜೋಡಿಸುತ್ತ ಬಂದಿರುವ ನನಗೆ ದೀಪವನ್ನು ಹತ್ತಿಸುವುದು ಎಂದೂ ದೊಡ್ಡ ಕೆಲಸವೆನಿಸಿಲ್ಲ. ಅದು ಮೊದಲಿದ್ದಷ್ಟೇ ಮಂದವಾಗಿ, ಬಿಲ್ಲೆಯ ತುಂಬ ಸಮನಾಗಿ ಬೆಳಗುವಂತೆ ಮಾಡುವುದರಲ್ಲೇ ಹೆಚ್ಚಿನ ಶ್ರಮ ಹೋಗುತ್ತದೆ.

ದೀಪ ಹತ್ತದಿದ್ದರೆ ನಾನು ಬಲ್ಬಿಗಿಂತ ಮೊದಲು ಅನುಮಾನಿಸುವುದು ಅರ್ತಿಂಗನ್ನು, ಅಂದರೆ ಕರೆಂಟು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿಯನ್ನು. ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೇ ಹಿಂದೆ ಯಾರೋ ಗ್ರಿಲ್ಲಿಗೆ ಬಣ್ಣ ಬಳಿಸುವಾಗ ಲೋಹ ಲೋಹಕ್ಕೆ ತಾಗಬೇಕಾದ ಜಾಗದ ಮೇಲೂ ಬಣ್ಣ ಹರಿದಿರುತ್ತದೆ. ದೀಪದ ಸ್ವಿಚ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಹೊರಮೈಗೂ ಇನ್ನೊಂದನ್ನು ಬ್ಯಾಟರಿಯ ಅರ್ತಿಂಗ್ ತುದಿಗೂ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ ಎಂದು ತಿಳಿಯುತ್ತೇನೆ. ಇದನ್ನು ಕೆರೆದು ಸರಿಪಡಿಸುವುದಕ್ಕಿಂತ, ಹೋಲ್ಡರಿನಿಂದ ಕಾರಿನ ಲೋಹದ ಮೈಗೆ ಪ್ರತ್ಯೇಕವಾದ ಒಂದು ಕಪ್ಪು ವೈರನ್ನೇ ಎಳೆದುಬಿಡುವುದು ನನ್ನ ರೂಢಿ. ಲೂಕಾಸ್ ಕಂಪನಿಯ ವೈರಿಂಗ್ ಇರುವ ಬ್ರಿಟಿಷ್ ಕಾರುಗಳಲ್ಲಿ ಪಾರ್ಕಿಂಗ್ ದೀಪಗಳ ವೈರಿನ ಬಣ್ಣ ಕೆಂಪು. ವುಲ್ಸ್‌ಲಿಯ ಲಾಂಛನವೂ ಪಾರ್ಕಿಂಗ್ ದೀಪದ ಜೊತೆಗೇ ಹೊತ್ತಿಕೊಳ್ಳುವುದರಿಂದ ಹುಡುಕಬೇಕಾದದ್ದು ಆ ಕೆಂಪು ವೈರನ್ನೇ. ಆ ಕಾಲದ ಹಲವು ಕಾರುಗಳಲ್ಲಿ ಈ ಸಾಲಿಗೆ ಫ್ಯೂಸ್ ಇರುವುದಿಲ್ಲ. ಲಾಂಛನಕ್ಕೆ ಹೋಗುವ ಕವಲಿಗೆ ಒಂದು ಆಂಪಿಯರಿನ ಸಣ್ಣ ಫ್ಯೂಸ್ ಸೇರಿಸುವುದು ಮೂಲರೂಪಕ್ಕೆ ಧಕ್ಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಗ್ರಿಲ್ಲಿನ ಹಿಂದೆ ಕಣ್ಣಿಗೆ ಬೀಳದ ಆ ಫ್ಯೂಸನ್ನು ನಾನಂತೂ ಬಿಡುವುದಿಲ್ಲ.

ಬಿಚ್ಚುವಾಗ ಅವಸರ ಮಾಡುವಂತಿಲ್ಲ. ಚೌಕಟ್ಟು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕವಾಗಿರುತ್ತದೆ, ಅದರ ಹಿಂಬದಿಯ ತಿರುಪು ಕಡ್ಡಿಗಳು ವಯಸ್ಸಾದಂತೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿ ಸಡಿಲಿಸುತ್ತೇನೆ. ಬೆಂಕಿಯನ್ನಂತೂ ಹತ್ತಿರ ತರುವುದಿಲ್ಲ, ಏಕೆಂದರೆ ಒಳಗಿರುವ ಪ್ಲಾಸ್ಟಿಕ್ ಹಳೆಯ ಬಗೆಯ ಸೆಲ್ಯುಲಾಯ್ಡ್ ಆಗಿದ್ದರೆ ಅದು ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತು.

ಯಾವ ಪ್ಲಾಸ್ಟಿಕ್ ಎಂಬುದನ್ನು ತಿಳಿಯಲು ಅದರ ಅಂಚನ್ನು ಬೆರಳಿನಿಂದ ಬಿರುಸಾಗಿ ಉಜ್ಜಿ ಮೂಸಿ ನೋಡುತ್ತೇನೆ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್; ಅದನ್ನು ಮೆತುವಾಗಿಸಲು ತಯಾರಿಕೆಯಲ್ಲೇ ಕರ್ಪೂರ ಬೆರೆಸುತ್ತಿದ್ದರು. ಹಳತಾದ ಸೆಲ್ಯುಲಾಯ್ಡ್ ಹಳದಿಗಟ್ಟುವುದಲ್ಲದೆ ಆಮ್ಲೀಯ ಅನಿಲವನ್ನೂ ಬಿಡುತ್ತದೆ, ಸುತ್ತಲಿನ ಲೋಹ ತಿನ್ನಿಸಿಕೊಂಡಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಒಳಗೇ ಬಿರುಕು ಬಿಟ್ಟ ಸೆಲ್ಯುಲಾಯ್ಡನ್ನು ಉಳಿಸಲು ಹೆಣಗುವುದರಲ್ಲಿ ಅರ್ಥವಿಲ್ಲ. ಅದರ ಅಚ್ಚನ್ನು ಕಾಗದದ ಮೇಲೆ ತೆಗೆದುಕೊಂಡು, ಹಾಲುಬಣ್ಣದ ಅಕ್ರಿಲಿಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿ, ಹಳೆಯದನ್ನು ನೋಡಿಕೊಂಡು ಅಕ್ಷರಗಳನ್ನು ಬರೆಸುತ್ತೇನೆ.

ಅಕ್ರಿಲಿಕ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು. ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಹತ್ತಿಬಟ್ಟೆ ಇಷ್ಟೇ ಸಾಕು. ಸ್ಪಿರಿಟ್ಟನ್ನಾಗಲಿ ಅಮೋನಿಯಾ ಇರುವ ಗಾಜಿನ ಕ್ಲೀನರನ್ನಾಗಲಿ ಬಳಸಿದರೆ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳು ಹರಡಿಕೊಳ್ಳುತ್ತವೆ, ಒಮ್ಮೆ ಹರಡಿದ ಮೇಲೆ ಅವಕ್ಕೆ ಮದ್ದಿಲ್ಲ. ಮಂಕಾದ ಹೊರಮೈಯನ್ನು 1000ನೇ ನಂಬರಿನ ವಾಟರ್ ಪೇಪರಿನಿಂದ ಆರಂಭಿಸಿ 1500, 2000, 3000 ಎಂದು ನೀರಿನಲ್ಲೇ ಉಜ್ಜುತ್ತ ಹೋಗಿ, ಪ್ರತಿ ಹಂತದಲ್ಲೂ ದಿಕ್ಕನ್ನು ಅಡ್ಡಕ್ಕೆ ಬದಲಿಸಿ, ಹಿಂದಿನ ಗೀರು ಪೂರ್ತಿ ಮರೆಯಾದ ಮೇಲಷ್ಟೇ ಮುಂದಿನ ಪೇಪರನ್ನು ಕೈಗೆತ್ತಿಕೊಂಡು, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಾಕುತ್ತೇನೆ. ಬಣ್ಣವನ್ನು ಹಿಂಬದಿಯಿಂದ ಬಳಿದಿರುವ ಬಿಲ್ಲೆಗಳಲ್ಲಿ ಆ ಬದಿಯನ್ನು ಒಣಬ್ರಷ್ಷಿನಿಂದ ಧೂಳು ತೆಗೆಯುವುದಕ್ಕಿಂತ ಹೆಚ್ಚಾಗಿ ಮುಟ್ಟುವುದಿಲ್ಲ.

ಹಿಂಬದಿಯಲ್ಲಿ, ಬಲ್ಬಿನ ನೇರಕ್ಕೆ ನಾಣ್ಯದಗಲದ ಕಂದು ಕಲೆ ಕಂಡರೆ ಹಿಂದಿನ ಮಾಲೀಕರ ಉತ್ಸಾಹ ಅರ್ಥವಾಗುತ್ತದೆ: ಸಣ್ಣ ಬಲ್ಬು ಇರಬೇಕಾದಲ್ಲಿ ಹೆಚ್ಚು ವ್ಯಾಟಿನದನ್ನು ಹಾಕಿಸಿರುತ್ತಾರೆ. ಅಕ್ರಿಲಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಮೆತ್ತಗಾಗುತ್ತದೆ, ಮುಚ್ಚಿದ ಗೂಡಿನೊಳಗೆ ಬಲ್ಬಿನ ಎದುರಿನ ಭಾಗ ಆ ಬಿಸಿಗೆ ಬೇಗ ಸಿಕ್ಕಿಬಿಡುತ್ತದೆ. ಎಲ್‌ಇಡಿಯಿಂದ ಈ ತೊಂದರೆ ತಪ್ಪುವುದು ನಿಜ, ಆದರೆ ಅದು ಬೇರೆ ತೊಂದರೆಗಳನ್ನು ತರುತ್ತದೆ. ತಣ್ಣನೆಯ ಬಿಳಿ ಎಲ್‌ಇಡಿ ಕೆನೆಬಣ್ಣದ ಬಿಲ್ಲೆಯ ಹಿಂದೆ ಆಸ್ಪತ್ರೆಯ ಟ್ಯೂಬ್‌ಲೈಟಿನ ಬಣ್ಣ ಕೊಡುತ್ತದೆ. ಹಳದಿ ಛಾಯೆಯ, 2700 ಕೆಲ್ವಿನ್ ಆಸುಪಾಸಿನದೇ ಬೇಕು. ಬೆಳಕು ಒಂದೇ ದಿಕ್ಕಿಗೆ ಚಿಮ್ಮುವುದರಿಂದ ನಡುವೆ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕಾಗಿ ಎಲ್‌ಇಡಿಯನ್ನು ಬಿಲ್ಲೆಯ ಕಡೆಗಲ್ಲದೆ ಹಿಂಗೋಡೆಯ ಕಡೆಗೆ ತಿರುಗಿಸಿ, ಗೂಡಿನ ಒಳಮೈಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಯುತ್ತೇನೆ. 1960ರ ದಶಕದ ಮಧ್ಯದವರೆಗಿನ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಲೋಹದ ಮೈಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ, ಅಲ್ಲಿ ಸಾಮಾನ್ಯ ಎಲ್‌ಇಡಿ ಬಲ್ಬು ಹತ್ತುವುದೇ ಇಲ್ಲ. 1955ಕ್ಕೆ ಹಿಂದಿನ ಪಾಂಟಿಯಾಕ್‌ಗಳದು ಆರು ವೋಲ್ಟು ಎಂಬುದನ್ನೂ ಮರೆಯಬಾರದು.

ಬಿಡಿ ಎಲ್‌ಇಡಿಯನ್ನು ಹಾಕುವುದಾದರೆ, ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರಿನ ಲೆಕ್ಕವನ್ನು ಬ್ಯಾಟರಿಯ 12 ವೋಲ್ಟಿಗಲ್ಲ, ಎಂಜಿನ್ ಓಡುವಾಗಿನ 14.4 ವೋಲ್ಟಿಗೆ ಹಾಕುತ್ತೇನೆ. ಎಲ್‌ಇಡಿಯ ಪಾಲು 3 ವೋಲ್ಟ್ ಕಳೆದರೆ ಉಳಿಯುವುದು 11.4, 20 ಮಿಲಿ ಆಂಪಿಯರಿಗೆ 570 ಓಮ್ ಬರುತ್ತದೆ. ನಾನು ಅದಕ್ಕಿಂತಲೂ ಹೆಚ್ಚಿನ, ಒಂದು ಕಿಲೋ ಓಮಿನ, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕುತ್ತೇನೆ. ಕತ್ತಲಲ್ಲಿ ಹತ್ತು ಹೆಜ್ಜೆ ದೂರದಿಂದ ಹೆಸರು ಓದಲು ಬಂದರೆ ಸಾಕು. ಪಕ್ಕದ ಪಾರ್ಕಿಂಗ್ ದೀಪಕ್ಕಿಂತ ಲಾಂಛನವೇ ಪ್ರಖರವಾದರೆ ಕಾರಿನ ಮುಖವೇ ಕೆಡುತ್ತದೆ.

ಮರುಜೋಡಣೆಯಲ್ಲಿ ಗಮನಿಸಬೇಕಾದದ್ದು ನೀರು. ವಿನೆಗರಿನ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ಹೋಲ್ಡರನ್ನೂ ಚೌಕಟ್ಟನ್ನೂ ತಿನ್ನುತ್ತದೆ. ಆಮ್ಲ ಬಿಡದ ನ್ಯೂಟ್ರಲ್ ಬಗೆಯದನ್ನು ಮೇಲಂಚಿಗೂ ಪಕ್ಕಗಳಿಗೂ ಹಚ್ಚಿ, ತಳದಲ್ಲಿರುವ ಸಣ್ಣ ರಂಧ್ರವನ್ನು ತೆರೆದೇ ಬಿಡುತ್ತೇನೆ. ಎಲ್ಲ ಕಡೆ ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿ ಒಳಗಿನ ತೇವ ಹೊರಹೋಗದೆ ಬಿಲ್ಲೆಯ ಹಿಂದೆಯೇ ಹನಿಗಟ್ಟುತ್ತದೆ. ನಟ್ಟುಗಳನ್ನು ಬೆರಳಿನಿಂದ ಬಿಗಿಮಾಡಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟು ನಿಲ್ಲಿಸುತ್ತೇನೆ. ಬಳಿಕ ಪೈಪಿನಿಂದ ಗ್ರಿಲ್ ಮೇಲೆ ಧಾರಾಳವಾಗಿ ನೀರು ಹಾಯಿಸಿ, ದೀಪವನ್ನು ಒಂದು ಗಂಟೆ ಉರಿಸಿ ಆರಿಸಿ, ಮರುದಿನ ಬೆಳಿಗ್ಗೆ ಬಿಲ್ಲೆಯ ಒಳಬದಿಯಲ್ಲಿ ಮಂಜು ಕಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಾರನ್ನು ಮಾಲೀಕರಿಗೆ ಒಪ್ಪಿಸುತ್ತೇನೆ.