ಥರ್ಮಾಕೋಲ್‌ನಲ್ಲಿ ಗ್ರೀಕ್ ಗುಡಿ ಮಾಡೋದು ಹೆಂಗೆ

ಸ್ಕೂಲ್ ಪ್ರಾಜೆಕ್ಟ್‌ಗೆ ಗ್ರೀಕ್ ಗುಡಿ ಅಂದ್ರೆ ಎಲ್ರೂ ಪಾರ್ಥೆನಾನ್ ಹಿಡ್ಕಂತಾರೆ, ಅದಕ್ಕೆ ಹೊರಸುತ್ತಿಗೇ 46 ಕಂಬ, ಯಾಕ್ ಬೇಕ್ರಿ. ಗ್ರೀಸ್‌ನ ಅಥೆನ್ಸ್ ಹತ್ರ ಸೂನಿಯನ್ ಅನ್ನೋ ಜಾಗದಾಗೆ ಸಮುದ್ರದ ದೇವ್ರು ಪೊಸೈಡನ್ ಗುಡಿ ಐತೆ, ಕ್ರಿ.ಪೂ. 440ರ ಆಸುಪಾಸಿಂದು, ಅದರ ಹೊರಸುತ್ತು 34 ಕಂಬದಾಗೆ ಮುಗಿತೈತೆ.

ಒಂದು ಮೀಟರ್‌ಗೆ ಒಂದು ಸೆಂಟಿಮೀಟರ್ ಅಂತ ಇಟ್ಕಳ್ರಿ. ಥರ್ಮಾಕೋಲ್ 31ಕ್ಕೆ ಹದಿಮೂರುವರೆ ಕಟ್ ಮಾಡಿ, ಅದರ ಕೆಳಗೆ ಸ್ವಲ್ಪ ಸ್ವಲ್ಪ ದೊಡ್ಡವು ಇನ್ನೆರಡು, ಮೆಟ್ಟಿಲು ಆಯ್ತು.

ಕಂಬದಾಗೇ ಇರೋದು ಮಜಾ. ಬಿಳಿ ಚಾರ್ಟ್ ಪೇಪರ್‌ನ ಪೆನ್ಸಿಲ್‌ಗೆ ಸುತ್ತಿ ಆರು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸ್ರಿ, ಆದ್ರೆ ನೆಟ್ಟಗೆ ಸುತ್ತಬ್ಯಾಡ್ರಿ, ಬುಡದಾಗೆ 10 ಮಿಲಿಮೀಟರ್ ತುದೀಲಿ 8 ಬರಂಗೆ ಓರೆ ಸುತ್ರಿ, ಅಸಲಿ ಕಂಬನೂ ಹಂಗೇ ಮೇಲಕ್ಕೆ ಸಣ್ಣ ಆಗ್ತಾ ಹೋಗ್ತೈತೆ. ಇವು ಡೋರಿಕ್ ಅನ್ನೋ ಗ್ರೀಕ್ ಶೈಲಿ ಕಂಬ, ಇದಕ್ಕೆ ಕೆಳಗೆ ಪೀಠ ಇರಲ್ಲ, ಸೀದಾ ನೆಲಕ್ಕೇ ಅಂಟಿಸಿ. ಮುಂದೆ 6, ಪಕ್ಕಕ್ಕೆ 13, ಮೂಲೆದು ಎರಡು ಸಲ ಎಣಿಸ್ಬ್ಯಾಡ್ರಿ, ಮಧ್ಯದಿಂದ ಮಧ್ಯಕ್ಕೆ ಎರಡೂವರೆ ಸೆಂಟಿಮೀಟರ್. ಕ್ವಿಕ್ ಗಮ್ ಮಾತ್ರ ಹಾಕ್ಬ್ಯಾಡ್ರಿ, ನಾನು ಹಾಕಿ ಥರ್ಮಾಕೋಲ್ ಕರಗಿ ತೂತು ಬಿದ್ದು ರಾತ್ರಿ ಹನ್ನೊಂದಕ್ಕೆ ಮತ್ತೆ ಕೂತೆ, ಜೊತೆಗೆ ಇದ್ದಿದ್ದು ಮಂಡಕ್ಕಿ ಒಂದೇ.

ಚಾವಣಿ ಎರಡು ಕಡೆ ಇಳಿಜಾರು, ಅಷ್ಟೇ.

ಗುಡೀನ ಕಡಿದಾದ ಬಂಡೆ ಮೇಲೆ ಕೂರ್ಸಿ, ಕೆಳಗೆ ನೀಲಿ ಸಮುದ್ರ, ಚೌಕದ ಒಂದೇ ಹಾಯಿ ಇರೋ ಹಡಗು. ಅಥೆನ್ಸ್‌ಗೆ ವಾಪಸ್ ಬರೋ ನಾವಿಕರಿಗೆ ಇದು ದೂರದಿಂದ ಕಾಣೋ ಗುರುತು, ನಾವು ಬೆಂಗಳೂರಿಂದ ಬರುವಾಗ ದುರ್ಗದ ಬೆಟ್ಟ ಕಂಡ್ರೆ ಇನ್ನೇನ್ ದಾವಣಗೆರೆ ಬಂತು ಅಂತೀವಲ್ಲ, ಹಂಗೆ.