ಗಂಜಿ ತಿಳಿಯಲ್ಲಿ ಬೆಂದ ಮೀನು

ಟೈಲ್ಸ್ ಖರೀದಿಗೆಂದು ಚೀನಾದ ಫೋಶಾನಿಗೆ ಹೋಗಿ ಬರುವವನು ನಾನು. ಅಲ್ಲಿನ ಶುಂಡೆ ಜಿಲ್ಲೆಯ ಗಂಜಿ ಹಾಟ್‌ಪಾಟನ್ನು, ಅಂದರೆ ಮೇಜಿನ ಮೇಲೆ ಕುದಿಯುವ ಗಂಜಿಯಲ್ಲಿ ನಾವೇ ಬೇಯಿಸಿಕೊಂಡು ತಿನ್ನುವ ಊಟವನ್ನು, ಮೊದಲ ಸಲ ಕೆಡಿಸಿಬಿಟ್ಟಿದ್ದೆ. ತಟ್ಟೆಯಲ್ಲಿದ್ದ ಮೀನಿನ ಹೋಳನ್ನೆಲ್ಲ ಒಟ್ಟಿಗೆ ಸುರಿದು ಸೌಟಿನಲ್ಲಿ ತಿರುವಿದೆ. ಕುದಿ ನಿಂತಿತು, ಮೀನು ಪುಡಿಯಾಯಿತು. ಜೊತೆಗಿದ್ದ ದುಭಾಷಿ ಇನ್ನೊಂದು ತಟ್ಟೆ ತರಿಸಿ, ತಾಳ್ಮೆಯಿಂದ ಕ್ರಮ ಹೇಳಿಕೊಟ್ಟರು.

ಉಡುಪಿ ಕಡೆಯವನಿಗೆ ಗಂಜಿ ಹೊಸದಲ್ಲ. ಆದರೆ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಒಂದು ಕಡೆ, ಬಂಗುಡೆ ಪುಳಿಮುಂಚಿ ಇನ್ನೊಂದು ಕಡೆ. ಇಲ್ಲಿ ಮೀನು ಬೇಯುವುದೇ ಗಂಜಿಯಲ್ಲಿ. ಬೆಳ್ತಿಗೆ ಅಕ್ಕಿಯನ್ನು ಗಂಟೆಗಟ್ಟಲೆ ಬೇಯಿಸಿ, ಒಂದು ಅಗುಳೂ ಕಾಣದಷ್ಟು ಕರಗಿಸಿರುತ್ತಾರೆ. ಸಿಚುವಾನಿನ ಕೆಂಪೆಣ್ಣೆಯ ಹಾಟ್‌ಪಾಟಿನಲ್ಲಿರುವ ಖಾರ ಇದರಲ್ಲಿಲ್ಲ. ಮೀನು ಹಳತಾಗಿದ್ದರೆ ಮುಚ್ಚಿಡಲು ಮಸಾಲೆಯೇ ಇಲ್ಲ. ಅದಕ್ಕೇ ಬಾಗಿಲ ಬಳಿ ನೀರಿನ ತೊಟ್ಟಿ. ನಾವು ತೋರಿಸಿದ ಹುಲ್ಲುಗೆಂಡೆಯನ್ನು (ಗ್ರಾಸ್ ಕಾರ್ಪ್ ಎಂಬ ಸಿಹಿನೀರಿನ ಮೀನು) ಜೀವಂತ ಹಿಡಿದು, ತೂಗಿ, ಒಳಗೆ ಒಯ್ದು ತೆಳ್ಳಗೆ ಕೊಯ್ದು ತರುತ್ತಾರೆ. ಯುನೆಸ್ಕೊ 2014ರಲ್ಲಿ ಶುಂಡೆಯನ್ನು ಪಾಕಕಲೆಯ ನಗರಗಳ ಪಟ್ಟಿಗೆ ಸೇರಿಸಿದ್ದು ನನಗೇನೂ ಆಶ್ಚರ್ಯವಲ್ಲ.

ಕೂತೊಡನೆ ಬಿಸಿ ಚಹಾದಲ್ಲಿ ಬಟ್ಟಲು, ಚಾಪ್‌ಸ್ಟಿಕ್ ತೊಳೆದುಕೊಳ್ಳುವುದು ಆ ಸೀಮೆಯ ರೂಢಿ. ಆಮೇಲೆ ಗಂಜಿಗೆ ಹಾಕುವಾಗ ಚಿಪ್ಪುಮೀನು, ಸಿಗಡಿ ಮೊದಲು. ಅವುಗಳ ಸಿಹಿ ಗಂಜಿಗಿಳಿಯಬೇಕು. ನಂತರ ಮೀನು. ಮಾಂಸ, ಸೊಪ್ಪು ಕೊನೆಗೆ.

ಈಗ ನಾನು ಮೂರ್ನಾಲ್ಕು ಹೋಳನ್ನಷ್ಟೇ ತೂತಿನ ಸೌಟಿಗೆ ಹಾಕಿ ಕುದಿಯಲ್ಲಿ ಮುಳುಗಿಸಿ ಹಿಡಿಯುತ್ತೇನೆ, ಕಲಕುವುದಿಲ್ಲ. ಗಾಜಿನಂತಿದ್ದ ಹೋಳು ಅಂಚಿನಿಂದ ಬೆಳ್ಳಗಾಗುತ್ತ ಬಂದು ಚರ್ಮದ ಕಡೆಗೆ ಮುದುಡುತ್ತದೆ. ನಡುಭಾಗವೂ ಬಿಳಿಯಾಗುವ ತನಕ ಕಾಯುತ್ತೇನೆ. ಅವಸರ ಮಾಡಬೇಡಿ: ಆ ಕಡೆಯ ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಪಿತ್ತನಾಳದಲ್ಲಿ ನೆಲೆಸುವ ಹುಳುವಿನ ಮರಿಗಳಿರುವುದುಂಟು. ಹಸಿ ಮೀನು ಮುಟ್ಟಿದ ಚಾಪ್‌ಸ್ಟಿಕ್ಕನ್ನು ಬಾಯಿಗಿಡಲೂ ಬಾರದು. ಹಾಗೆಂದು ಹೆಚ್ಚು ಬೇಯಿಸಿದರೆ ನಾರಾಗುತ್ತದೆ. ಹದವಾಗಿ ಬೆಂದದ್ದಕ್ಕೆ ಗಂಜಿಯ ತೆಳು ಪದರ ಅಂಟಿಕೊಂಡು, ನಾಲಗೆ ಮೇಲೆ ಅದೊಂದು ನುಣುಪು. ನಮ್ಮ ಅಂಜಲ್ ಮೀನಿನಲ್ಲೂ ಆ ನುಣುಪು ನಾನು ಕಂಡಿಲ್ಲ.

ಅದ್ದಿಕೊಳ್ಳಲು ಸೋಯಾ ಸಾಸಿಗೆ ಹೆಚ್ಚಿದ ಶುಂಠಿ, ಈರುಳ್ಳಿ ಎಲೆ, ಒಂದಿಷ್ಟು ನೆಲಗಡಲೆ ಎಣ್ಣೆ ಸಾಕು. ಹುಲ್ಲುಗೆಂಡೆಯ ಮಾಂಸದೊಳಗೆ ಕವಲುಮುಳ್ಳುಗಳಿರುತ್ತವೆ. ಮಾತು ನಿಲ್ಲಿಸಿ ತಿನ್ನುವುದು ಒಳ್ಳೆಯದು.

ಎಲ್ಲ ಮುಗಿದ ಮೇಲೆ ಉಳಿದ ಗಂಜಿಯನ್ನು ಬಟ್ಟಲಿಗೆ ಬಡಿಸುತ್ತಾರೆ. ಚಿಪ್ಪು, ಸಿಗಡಿ, ಮೀನು, ಎಲ್ಲದರ ಸಾರವೂ ಅದರಲ್ಲಿ. ಹಲವರು ಹೊಟ್ಟೆ ತುಂಬಿತೆಂದು ಅಷ್ಟರಲ್ಲಿ ಎದ್ದುಬಿಡುತ್ತಾರೆ, ನನಗೆ ಸಂಕಟವಾಗುತ್ತದೆ. ಅದಕ್ಕೆ ಜಾಗ ಉಳಿಸಿಕೊಳ್ಳಿ. ನಾನು ಎರಡು ಬಟ್ಟಲು ಕುಡಿದೆ, ಉಪ್ಪಿನಕಾಯಿ ನೆನಪಾಗಲಿಲ್ಲ.