ಲೆನನ್ ಹಾಡು, ಮೆಕಾರ್ಟ್ನಿ ಹಾಡು: ಗಿಟಾರ್ ಹಿಡಿದು ಕಂಡುಕೊಂಡದ್ದು

1960ರ ದಶಕದ ಇಂಗ್ಲಿಷ್ ಬ್ಯಾಂಡ್ ಬೀಟಲ್ಸ್‌ನ ಮಾತು ಬಂದರೆ ಗೆಳೆಯರಲ್ಲಿ ಎರಡು ಪಕ್ಷ ಆಗಿಯೇ ಆಗುತ್ತದೆ. ಜಾನ್ ಲೆನನ್ ಕವಿ, ಪಾಲ್ ಮೆಕಾರ್ಟ್ನಿ ರಾಗ ಕಟ್ಟುವವನು ಎಂದು ಎರಡೂ ಕಡೆಯವರು ಒಪ್ಪಿಕೊಂಡೇ ವಾದ ಶುರು ಮಾಡುತ್ತಾರೆ. ಈ ಹಂಚಿಕೆಯೇ ಸರಿಯಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಅವರ ಹಾಡುಗಳಿಗೆ ‘ಲೆನನ್–ಮೆಕಾರ್ಟ್ನಿ’ ಎಂದು ಜೋಡಿ ಹೆಸರೇ ಇರುವುದರಿಂದ ಹಾಳೆ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಹಾಗಾಗಿ ನುಡಿಸಿಯೇ ನೋಡೋಣ ಎಂದುಕೊಂಡೆ.

ನಾನು ಹಿಡಿದ ಕ್ರಮ ಸರಳ. ಮೊದಲು ಮಾತು ಬಿಟ್ಟು ಬರೀ ಮಟ್ಟನ್ನು ಸ್ವರ ಹೇಳಿ ಹಾಡುವುದು. ಆಮೇಲೆ ಮಟ್ಟು ಬಿಟ್ಟು ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಮಾತ್ರ ನುಡಿಸುವುದು. ಕೊನೆಗೆ ಎರಡನ್ನೂ ಸೇರಿಸಿ, ಜೀವ ಎಲ್ಲಿಂದ ಬರುತ್ತಿದೆ ಎಂದು ಕೇಳುವುದು. ಬಾಲ್ಯದ ಸಂಗೀತಪಾಠದಿಂದ ಸರಿಗಮ ನಾಲಗೆಯ ಮೇಲಿದ್ದದ್ದು ಇಲ್ಲಿ ತುಂಬ ಉಪಯೋಗಕ್ಕೆ ಬಂತು.

ಹೋಲಿಕೆಗೆ 1968ರ ನವೆಂಬರ್‌ನಲ್ಲಿ ಬಂದ, ಎಲ್ಲರೂ ‘ವೈಟ್ ಆಲ್ಬಂ’ ಎನ್ನುವ ಜೋಡಿ ತಟ್ಟೆಯಿಂದ ಎರಡು ಹಾಡು ಆರಿಸಿಕೊಂಡೆ: ಜಾನ್‌ನ ‘ಜೂಲಿಯಾ’, ಪಾಲ್‌ನ ‘ಬ್ಲ್ಯಾಕ್‌ಬರ್ಡ್’. ಎರಡರಲ್ಲೂ ಒಬ್ಬನೇ ಗಾಯಕ, ಅವನ ಗಿಟಾರ್, ಅಷ್ಟೆ. ಡ್ರಮ್ಸ್ ಇಲ್ಲ, ಇನ್ನೊಬ್ಬರ ಕೈ ಇಲ್ಲ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

‘ಜೂಲಿಯಾ’ ಜಾನ್ ತನ್ನ ತಾಯಿಯ ನೆನಪಿಗೆ ಮಾಡಿದ್ದು. ಆಕೆ 1958ರಲ್ಲಿ ಕಾರು ಡಿಕ್ಕಿ ಹೊಡೆದು ತೀರಿಕೊಂಡಾಗ ಅವನಿಗೆ ಹದಿನೇಳು. ಇದರಲ್ಲಿ ಬೆರಳುಗಳಿಂದ ತಂತಿ ಮೀಟುವ ಬಗೆಯನ್ನು ಅವನು ಅದೇ 1968ರಲ್ಲಿ ಹೃಷಿಕೇಶದ ಮಹರ್ಷಿ ಮಹೇಶ್ ಯೋಗಿಗಳ ಆಶ್ರಮದಲ್ಲಿದ್ದಾಗ ಗಾಯಕ ಡೊನೊವನ್‌ನಿಂದ ಕಲಿತ. ಗಿಟಾರ್ ಕತ್ತಿನ ಎರಡನೇ ಫ್ರೆಟ್ಟಿಗೆ (ಮೆಟ್ಟಿಲಿಗೆ) ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಹಾಕಿ ಸಿ, ಎ ಮೈನರ್, ಇ ಮೈನರ್ ಕಾರ್ಡ್ ಹಿಡಿದರೆ ಅವು ಡಿ ಮೇಜರ್, ಬಿ ಮೈನರ್, ಎಫ್ ಶಾರ್ಪ್ ಮೈನರ್ ಆಗಿ ಕೇಳಿ ಡಿ ಶ್ರುತಿಯ ಹಾಡು ಸಿಗುತ್ತದೆ. ಸ್ವರ ಹೇಳಲು ಹೊರಟರೆ ಆಶ್ಚರ್ಯ: ಮೊದಲ ಸಾಲಿನ ತುಂಬ ಪಂಚಮವೇ. ಪ ಪ ಪ ಪ ಎಂದು ಒಂದೇ ಸ್ವರದ ಮೇಲೆ ಮಾತು ನಡೆದುಹೋಗುತ್ತದೆ. ಬರೀ ಮಟ್ಟನ್ನು ಹಾಡಿದರೆ ಇದರಲ್ಲಿ ಏನಿದೆ ಎನ್ನಬೇಕು. ಕಾರ್ಡ್ ಸೇರಿಸಿ ನೋಡಿ. ಕಾರ್ಡಿನ ಮೂಲಸ್ವರದಿಂದ ಎಣಿಸಿದರೆ ಡಿ ಮೇಜರ್ ಮೇಲೆ ಆ ಸ್ವರ ಐದನೆಯದು, ನೆಮ್ಮದಿಯಾಗಿ ಕೂರುತ್ತದೆ. ಬಿ ಮೈನರ್ ಮೇಲೆ ಏಳನೆಯದಾಗಿ ನೋಯುತ್ತದೆ. ಎಫ್ ಶಾರ್ಪ್ ಮೈನರ್ ಮೇಲೆ ಮೂರನೆಯದಾಗಿ ಮತ್ತೆ ಬೇರೆಯೇ ಬಣ್ಣ. ದನಿ ಕದಲುವುದಿಲ್ಲ, ಕಾಲ ಕೆಳಗಿನ ನೆಲ ಕದಲುತ್ತದೆ. 1965ರ ‘ಹೆಲ್ಪ್’ ಹಾಡಿನ ಚರಣದಲ್ಲೂ ಅವನು ಮಾಡಿದ್ದು ಇದನ್ನೇ. ಅಂದರೆ ಇದು ಅವನ ಕೈಗೆ ಹತ್ತಿದ ದಾರಿ. ಮಾತಾಡುವ ಹಾಗೆ ಹಾಡಬೇಕೆಂದರೆ ಮಟ್ಟು ಹೆಚ್ಚು ಜಿಗಿಯಬಾರದು ಎಂಬುದು ಅವನಿಗೆ ಗೊತ್ತಿತ್ತು. ಇದನ್ನು ಬರೀ ಕವಿಯ ಗುಣ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇದು ಅಪ್ಪಟ ಸಂಗೀತದ ತಿಳುವಳಿಕೆ.

‘ಬ್ಲ್ಯಾಕ್‌ಬರ್ಡ್’ ನುಡಿಸಲು ಕೂತರೆ ಕಾರ್ಡ್ ಎಂಬುದೇ ಮರೆತುಹೋಗುತ್ತದೆ. ಒಂದು ಎಳೆ ಮಂದ್ರದ ತಂತಿಯಲ್ಲಿ, ಇನ್ನೊಂದು ಮೇಲಿನ ತಂತಿಯಲ್ಲಿ, ಎರಡೂ ಜೊತೆಯಾಗಿ ಗಿಟಾರ್ ಕತ್ತಿನ ಮೇಲೆ ಹತ್ತಿ ಇಳಿಯುತ್ತವೆ. ನಡುವೆ ತೆರೆದ ಜಿ ತಂತಿ ತಂಬೂರಿಯ ಹಾಗೆ ಬಿಡದೆ ಮೊಳಗುತ್ತಿರುತ್ತದೆ. ಹುಡುಗನಾಗಿದ್ದಾಗ ಜರ್ಮನ್ ಸಂಗೀತಕಾರ ಬಾಖ್‌ನ ಒಂದು ರಚನೆಯನ್ನು ನುಡಿಸಲು ಪ್ರಯತ್ನಿಸಿದ್ದರಿಂದ ಈ ಬಗೆ ಹೊಳೆಯಿತೆಂದು ಪಾಲ್ ಹೇಳಿಕೊಂಡಿದ್ದಾನೆ. ಅವನ ಕಿವಿ ಯಾವತ್ತೂ ಎರಡು ಎಳೆ ಕೇಳುತ್ತದೆ.

ಮಟ್ಟು ಕಟ್ಟುವ ಅವನ ಧೈರ್ಯ ಕಾಣಬೇಕಾದರೆ ‘ಯೆಸ್ಟರ್‌ಡೇ’ಗೆ ಬರಬೇಕು. ಎಫ್ ಅನ್ನು ಷಡ್ಜ ಮಾಡಿಕೊಂಡು ಎರಡನೆಯ ತುಣುಕನ್ನು ಹಾಡಿ: ಗಾಂಧಾರ, ಪ್ರತಿಮಧ್ಯಮ, ಶುದ್ಧ ಧೈವತ, ಕೂಡಲೇ ಚತುಶ್ರುತಿ ಧೈವತ, ನಿಷಾದ, ತಾರ ಷಡ್ಜ. ಪಂಚಮವನ್ನು ದಾಟಿ, ಒಂದೇ ಉಸಿರಿನಲ್ಲಿ ಎರಡೂ ಧೈವತ! ನಮ್ಮ ಮೇಷ್ಟರ ಮುಂದೆ ಹಾಗೆ ಹಾಡಿದ್ದರೆ ನಿಲ್ಲಿಸುತ್ತಿದ್ದರು. ಆದರೂ ಜಗತ್ತೆಲ್ಲ ಅದನ್ನು ಸಲೀಸಾಗಿ ಗುನುಗುತ್ತದೆ. ಮೇಲಾಗಿ ಚರಣ ವಾಡಿಕೆಯ ಎಂಟು ಬಾರ್ (ತಾಳದ ಸುತ್ತು) ಅಲ್ಲ, ಏಳು. ಎಣಿಸದಿದ್ದರೆ ಗೊತ್ತೇ ಆಗುವುದಿಲ್ಲ. ಅಷ್ಟು ಕಷ್ಟದ್ದನ್ನು ಅಷ್ಟು ಸುಲಭವಾಗಿ ಕೇಳಿಸುವುದು ಬೇರೆಯವರಿಂದ ಆಗುವ ಕೆಲಸವಲ್ಲ.

ಶುದ್ಧ ಸಂಗೀತದ ಕಸುವಿನಲ್ಲಿ ಪಾಲ್ ದೊಡ್ಡವನು. ಇಷ್ಟು ನುಡಿಸಿದ ಮೇಲೆ ಇದನ್ನು ಹೇಳಲು ನನಗೆ ಅಳುಕಿಲ್ಲ. ಆದರೆ ಅದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಪಾಲ್‌ನ ಹಾಡುಗಳಲ್ಲಿ ಅಲ್ಲ, ಜಾನ್‌ನ ಹಾಡುಗಳಲ್ಲಿ. 1966ರ ‘ರೇನ್’ ಜಾನ್‌ನದು. ಅದರ ಮಟ್ಟು ಎಳೆದೆಳೆದು ನಿಲ್ಲುತ್ತದೆ, ಕಾರ್ಡ್ ಬೆರಳೆಣಿಕೆಯಷ್ಟು. ಕೆಳಗೆ ಪಾಲ್‌ನ ಬಾಸ್ ಗಿಟಾರ್ (ಮಂದ್ರ ಸ್ವರಗಳ ಗಿಟಾರ್) ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬಾಸ್ ಒಂದನ್ನೇ ಹಿಂಬಾಲಿಸಿ, ಇನ್ನೊಂದು ಹಾಡೇ ಕೇಳಿಸುತ್ತದೆ. ‘ಕಮ್ ಟುಗೆದರ್’ ಕೂಡ ಹಾಗೆಯೇ. ಅದು ಅಮೆರಿಕದ ರಾಕ್ ಗಾಯಕ ಚಕ್ ಬೆರಿಯ ಹಾಡೊಂದಕ್ಕೆ ತೀರ ಹತ್ತಿರವಿದ್ದದ್ದರಿಂದ ವೇಗ ಇಳಿಸೋಣ ಎಂದವನು ಪಾಲ್. ಆ ನಿಧಾನಕ್ಕೆ ತಕ್ಕ ಬಾಸ್ ಕೊಟ್ಟವನೂ ಅವನೇ.

ಜಾನ್ ಪಾಲ್‌ನ ಹಾಡಿಗೆ ಕೊಟ್ಟದ್ದು ಬೇರೆ ಬಗೆಯದು. 1965ರ ‘ವಿ ಕ್ಯಾನ್ ವರ್ಕ್ ಇಟ್ ಔಟ್’ನಲ್ಲಿ ಪಾಲ್‌ನ ಚರಣ ಡಿ ಮೇಜರ್‌ನಲ್ಲಿ, ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯಲ್ಲಿ ಓಡುತ್ತದೆ. ನಡುವಿನ ಭಾಗ ಜಾನ್‌ನದು: ಬಿ ಮೈನರ್‌ಗೆ ತಿರುಗಿ, ಬದುಕು ಚಿಕ್ಕದು, ಜಗಳಕ್ಕೆ ಹೊತ್ತಿಲ್ಲ ಎನ್ನುತ್ತಾನೆ. ಹಿಂದೆ ಹಾರ್ಮೋನಿಯಂನ ಉಸಿರು. ಆ ಭಾಗದ ಕೊನೆಯ ಮೂರೆಣಿಕೆಯ ನಡೆ ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಸೂಚಿಸಿದ್ದು. ನಡುವಿನ ಭಾಗ ಬಿಟ್ಟು ಬರೀ ಚರಣಗಳನ್ನು ಸಾಲಾಗಿ ಹಾಡಿ ನೋಡಿದೆ. ನನ್ನ ಮಾತು ಕೇಳು ಎಂದು ಒಂದೇ ಸಮನೆ ಪಟ್ಟು ಹಿಡಿದವನ ದನಿಯಾಗಿಬಿಟ್ಟಿತು, ಎದುರಿಗಿರುವವರ ಸುದ್ದಿಯೇ ಇಲ್ಲ. ಜಾನ್‌ನ ಸಾಲು ಮತ್ತೆ ಸೇರಿಸಿದಾಗ ಅದೇ ಚರಣಕ್ಕೆ ಭಾರ ಬಂತು. ಎರಡನೆಯ ಸಲ ಪಾಲ್ ಅದೇ ಮಾತು ಹಾಡುವಾಗ, ಹೊತ್ತು ಮೀರುತ್ತಿದೆ ಎಂಬ ಆತಂಕವೂ ಅದರೊಳಗೆ ಕೇಳುತ್ತದೆ. ಈಗ ಯಾರಾದರೂ ಇವರಿಬ್ಬರ ವಾದ ತೆಗೆದರೆ ನಾನು ಈ ಹಾಡನ್ನು ಹಾಗೆ ಎರಡು ಸಲ ಹಾಡಿ ತೋರಿಸುತ್ತೇನೆ, ಒಮ್ಮೆ ಜಾನ್ ಇಲ್ಲದೆ, ಒಮ್ಮೆ ಜಾನ್ ಜೊತೆ.